ಹೊಸ ಉಬುಂಟುವಿನಲ್ಲಿ ಹಳೇ ಕಮಾಂಡ್: ಇನ್‌ಸ್ಟಾಲ್ ಆಗದಿದ್ದರೆ ತಪ್ಪು ಯಾರದ್ದು?

2024ರ ಏಪ್ರಿಲ್ 25ರಂದು ಉಬುಂಟು 24.04 ಬಿಡುಗಡೆಯಾಯಿತು. ಉಬುಂಟು ಅಂದರೆ ಲಿನಕ್ಸ್ ಆಧಾರಿತ ಆಪರೇಟಿಂಗ್ ಸಿಸ್ಟಂ. ಆಮೇಲೆ ಎಷ್ಟೋ ತಿಂಗಳು ಒಂದು ದೂರು ಮತ್ತೆ ಮತ್ತೆ ಕೇಳಿಬಂತು. ಹಿಂದಿನ ಆವೃತ್ತಿಯಲ್ಲಿ ಯೋಚನೆಯೇ ಮಾಡದೆ ಹಾಕುತ್ತಿದ್ದ ಕಮಾಂಡ್ ಇಲ್ಲಿ ನಡೆಯುತ್ತಿಲ್ಲ. ‘ಲಿಬ್‌ಅಸೌಂಡ್2’ ಎಂಬ ಪ್ಯಾಕೇಜ್ (ಇನ್‌ಸ್ಟಾಲ್ ಮಾಡಲು ಕಟ್ಟಿಟ್ಟ ತಂತ್ರಾಂಶ) ಹಾಕಲು ಆಗುವುದಿಲ್ಲ ಎಂದು ಟರ್ಮಿನಲ್, ಅಂದರೆ ಕಮಾಂಡ್ ಬರೆಯುವ ಕಿಟಕಿ, ಹೇಳುತ್ತಿದೆ. ಇದು ಲಿನಕ್ಸ್‌ನಲ್ಲಿ ಸದ್ದು ಬರಲು ಬೇಕಾದ ಲೈಬ್ರರಿ, ಅಂದರೆ ಬೇರೆ ತಂತ್ರಾಂಶಗಳು ಹಂಚಿಕೊಂಡು ಬಳಸುವ ಕೋಡ್. ಬ್ರೌಸರ್‌ಗಳಿಂದ ಹಿಡಿದು ಚಾಟ್ ಆ್ಯಪ್‌ಗಳವರೆಗೆ ಬಹಳಷ್ಟು ತಂತ್ರಾಂಶ ಇದನ್ನು ಕೇಳುತ್ತದೆ. ಹಾಗಂತ ಲೈಬ್ರರಿ ಎಲ್ಲೂ ಹೋಗಿರಲಿಲ್ಲ. ಅದರ ಹೆಸರಿನ ಕೊನೆಗೆ ‘ಟಿ64’ ಎಂದು ಸೇರಿಕೊಂಡಿತ್ತು, ಅಷ್ಟೇ.

ಯಾಕೆ ಸೇರಿತು ಅನ್ನುವುದು ಸ್ವಲ್ಪ ಸ್ವಾರಸ್ಯದ ವಿಷಯ. ಹಳೆಯ 32 ಬಿಟ್ ವ್ಯವಸ್ಥೆಗಳು ಸಮಯವನ್ನು 1970ರಿಂದ ಸೆಕೆಂಡುಗಳಲ್ಲಿ ಎಣಿಸುತ್ತವೆ. ಆ ಎಣಿಕೆಗೆ ಇಟ್ಟ ಜಾಗ 2038ರ ಜನವರಿ 19ಕ್ಕೆ ತುಂಬಿಹೋಗುತ್ತದೆ. ಅದಕ್ಕೆ ಮೊದಲೇ ಸರಿಮಾಡಬೇಕೆಂದು ಡೆಬಿಯನ್ (ಉಬುಂಟುವಿಗೆ ಮೂಲವಾದ ಲಿನಕ್ಸ್) ಮತ್ತು ಉಬುಂಟು ತಂಡಗಳು ಆರ್ಮ್ ಎಂಬ ಬಗೆಯ ಪ್ರೊಸೆಸರ್ ಇರುವ 32 ಬಿಟ್ ಯಂತ್ರಗಳಿಗಾಗಿ ಸಮಯದ ಸಂಖ್ಯೆಯನ್ನು 64 ಬಿಟ್‌ಗೆ ಏರಿಸಿದವು. ಆಗ ಲೈಬ್ರರಿಯ ಒಳರಚನೆ ಬದಲಾಗುತ್ತದೆ. ಹಳೇ ಪ್ರೋಗ್ರಾಂ ತಿಳಿಯದೆ ಹೊಸ ಲೈಬ್ರರಿಗೆ ಜೋಡಿಕೊಂಡರೆ ಅನಾಹುತ. ಅದನ್ನು ತಪ್ಪಿಸಲು ಹೆಸರನ್ನೇ ಬದಲಿಸಿದರು. ಎಲ್ಲ ಬಗೆಯ ಯಂತ್ರಗಳಲ್ಲೂ ಪ್ಯಾಕೇಜಿಗೆ ಒಂದೇ ಹೆಸರಿರಲಿ ಎಂದು ನಮ್ಮ ನಿಮ್ಮ ಮನೆಯ 64 ಬಿಟ್ ಕಂಪ್ಯೂಟರ್‌ಗಳಲ್ಲೂ ಅದೇ ಹೊಸ ಹೆಸರು ಬಂತು. ಅಲ್ಲಿ ಒಳಗೆ ಏನೂ ಬದಲಾಗಿರಲಿಲ್ಲ!

ಹೀಗೆ ಹೆಸರು ಬದಲಾದ ಲೈಬ್ರರಿಗಳು ನೂರಾರು. ಹೆಚ್ಚಿನವು ಹಳೇ ಹೆಸರಿಗೂ ಓಗೊಡುತ್ತವೆ, ಹಾಗಾಗಿ ಯಾರಿಗೂ ಗೊತ್ತಾಗಲಿಲ್ಲ. ಆದರೆ ಲಿಬ್‌ಅಸೌಂಡ್2 ಎಂಬ ಹಳೇ ಹೆಸರಿಗೆ ಎರಡು ಪ್ಯಾಕೇಜ್‌ಗಳು ಓಗೊಟ್ಟವು. ಒಂದು ಹೊಸ ಹೆಸರಿನ ನಿಜವಾದ ಲೈಬ್ರರಿ. ಇನ್ನೊಂದು ಬೇರೆ ಧ್ವನಿ ವ್ಯವಸ್ಥೆಗೆ ಸೇರಿದ, ಹೆಚ್ಚು ಜನ ಕೇಳಿಯೇ ಇರದ ಪ್ಯಾಕೇಜ್. ಇವೆರಡರಲ್ಲಿ ಯಾವುದು ಬೇಕು ಎಂದು ತಾನೇ ತೀರ್ಮಾನಿಸಲು ಉಬುಂಟುವಿನಲ್ಲಿ ಪ್ಯಾಕೇಜ್ ಹಾಕುವ ಸಾಧನ ‘ಆಪ್ಟ್’ ಒಪ್ಪುವುದಿಲ್ಲ. ನೀವೇ ಆರಿಸಿ ಎಂದು ನಿಂತುಬಿಡುತ್ತದೆ. ಮನುಷ್ಯರು ಕೂತು ಓದಿದರೆ ಪರಿಹಾರ ಅಲ್ಲೇ ಇದೆ. ಆದರೆ ಇನ್‌ಸ್ಟಾಲ್ ಸ್ಕ್ರಿಪ್ಟ್ (ಕಮಾಂಡ್‌ಗಳನ್ನು ಒಂದರ ಮೇಲೊಂದು ತಾನೇ ಓಡಿಸುವ ಫೈಲ್) ಒಳಗೆ ಆ ಕಮಾಂಡ್ ಬಂದರೆ ಇಡೀ ಸ್ಕ್ರಿಪ್ಟ್ ಅಲ್ಲಿಗೇ ಮುಗಿಯಿತು.

ಪರೀಕ್ಷೆಯಾಗದ ಆವೃತ್ತಿಯ ಮೇಲೆ ತಂತ್ರಾಂಶ ಹಾಕುವಾಗ ಆಗುವ ಕಿರಿಕಿರಿಗೆ ಇದು ಚೆನ್ನಾದ ಮಾದರಿ. ಕಾರಣ ಎಲ್ಲೋ 32 ಬಿಟ್ ಆರ್ಮ್ ಯಂತ್ರದಲ್ಲಿ. ಪೆಟ್ಟು ಬಿದ್ದದ್ದು 64 ಬಿಟ್ ಲ್ಯಾಪ್‌ಟಾಪ್ ಇಟ್ಟುಕೊಂಡವರಿಗೆ. ಎರರ್ ಬಂದ ಜಾಗಕ್ಕೂ ಕಾರಣ ಇರುವ ಜಾಗಕ್ಕೂ ಸಂಬಂಧವೇ ಕಾಣುವುದಿಲ್ಲ. ನನಗೆ ಅನ್ನಿಸುವಂತೆ ಜನ ಬೇಸತ್ತು ಹೋಗುವುದು ತಂತ್ರಾಂಶ ಓಡಲಿಲ್ಲ ಅಂತಲ್ಲ. ಯಾಕೆ ಓಡಲಿಲ್ಲ ಅನ್ನುವುದನ್ನು ಯಾರೂ ನೆಟ್ಟಗೆ ಹೇಳುವುದಿಲ್ಲವಲ್ಲ, ಅದಕ್ಕೆ.

ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯ ವಿಷಯದಲ್ಲಿ ಈ ಕಿರಿಕಿರಿ ಇನ್ನೂ ಜಾಸ್ತಿ. ಉಬುಂಟು 22.04ರಲ್ಲಿ ಪೈಥಾನ್ 3.10 ಇತ್ತು, 24.04ಕ್ಕೆ 3.12 ಬಂತು. ನಡುವೆ ‘ಡಿಸ್ಟ್‌ಯುಟಿಲ್ಸ್’ ಎಂಬ ಭಾಗವನ್ನು ತೆಗೆದುಹಾಕಿದರು. ಪೈಥಾನ್ ಪ್ಯಾಕೇಜ್‌ಗಳನ್ನು ಕಟ್ಟಲು ವರ್ಷಗಟ್ಟಲೆ ಬಳಸುತ್ತಿದ್ದ ಭಾಗ ಅದು. ಹೇಳದೆ ಕೇಳದೆ ತೆಗೆದರು ಅನ್ನುವಂತಿಲ್ಲ. 2021ರಲ್ಲಿ 3.10 ಬಂದಾಗಲೇ ಇದು ಹೋಗಲಿದೆ ಎಂಬ ಎಚ್ಚರಿಕೆ ಇತ್ತು. 2023ರ ಅಕ್ಟೋಬರ್‌ನಲ್ಲಿ 3.12 ಬಂದಾಗ ಹೋಯಿತು. ಆದರೆ ಬಿಡುವಿನ ವೇಳೆಯಲ್ಲಿ ಒಬ್ಬರೇ ನೋಡಿಕೊಳ್ಳುವ ಯೋಜನೆಗಳಿಗೆ ಎರಡು ವರ್ಷ ಕಣ್ಣು ಮಿಟುಕಿಸುವುದರೊಳಗೆ ಕಳೆದುಹೋಗುತ್ತದೆ. ಆ ಎಚ್ಚರಿಕೆ ಕಾಣುತ್ತಿದ್ದದ್ದೂ ಡೆವಲಪರ್‌ಗಳಿಗೆ. ಪೆಟ್ಟು ತಿಂದವರು ಬಳಕೆದಾರರು.

ಇನ್ನೊಂದು ತೊಡಕು ಹೊಸ ಪೈಥಾನ್ ಬಂದ ಪ್ರತಿ ಸಲವೂ ಮರುಕಳಿಸುತ್ತದೆ. ಲೆಕ್ಕಾಚಾರಕ್ಕೆ ಬಳಸುವ ನಂಪೈಯಂಥ ದೊಡ್ಡ ಪ್ಯಾಕೇಜ್‌ಗಳನ್ನು ಸಾಮಾನ್ಯವಾಗಿ ಮೊದಲೇ ಕಂಪೈಲ್ ಮಾಡಿ (ಯಂತ್ರ ಓಡಿಸಬಲ್ಲ ರೂಪಕ್ಕೆ ತಂದು) ಇಟ್ಟಿರುತ್ತಾರೆ. ಅವಕ್ಕೆ ‘ವೀಲ್’ ಎನ್ನುತ್ತಾರೆ. ಪ್ರತಿ ಪೈಥಾನ್ ಆವೃತ್ತಿಗೂ ಬೇರೆ ವೀಲ್ ಬೇಕಾಗುತ್ತದೆ. ನಿಮ್ಮ ಪೈಥಾನ್‌ಗೆ ಇನ್ನೂ ವೀಲ್ ತಯಾರಾಗಿಲ್ಲ ಅಂತಿಟ್ಟುಕೊಳ್ಳಿ. ಪೈಥಾನ್ ಪ್ಯಾಕೇಜ್ ಹಾಕುವ ಸಾಧನ ‘ಪಿಪ್’ ಆಗ ‘ಇದು ಸಿದ್ಧವಿಲ್ಲ’ ಎಂದು ಹೇಳಿ ಸುಮ್ಮನಾಗುವುದಿಲ್ಲ. ಮೂಲ ಕೋಡನ್ನೇ ಇಳಿಸಿಕೊಂಡು ನಿಮ್ಮ ಕಂಪ್ಯೂಟರ್‌ನಲ್ಲಿ ಕಂಪೈಲ್ ಮಾಡಲು ಹೊರಡುತ್ತದೆ. ಅಲ್ಲಿ ಸಿ ಕಂಪೈಲರ್ ಇಲ್ಲದಿದ್ದರೆ, ಅಥವಾ ಯಾವುದೋ ಹೆಡರ್ ಫೈಲ್ ಇಲ್ಲದಿದ್ದರೆ, ಪರದೆ ತುಂಬ ಕೆಂಪು ಸಾಲುಗಳು. ವಿಂಡೋಸ್‌ನಲ್ಲಾದರೆ ಮೈಕ್ರೋಸಾಫ್ಟ್ ವಿಷುವಲ್ ಸಿ++ 14 ಬೇಕು ಎನ್ನುತ್ತದೆ. ಪಾಪ, ಓದಿದವರು ಅದನ್ನೇ ನಂಬಿ ಹಲವು ಜಿಬಿಯ ಕಂಪೈಲರ್ ಇಳಿಸಲು ಶುರುಮಾಡುತ್ತಾರೆ. ಅದಾದ ಮೇಲೆ ಬೇರೆ ಎರರ್ ಬರುತ್ತದೆ. ಅವರಿಗೆ ಬೇಕಿದ್ದದ್ದು ಕಂಪೈಲರ್ ಅಲ್ಲ, ಒಂದು ಮೆಟ್ಟಿಲು ಹಳೆಯ ಪೈಥಾನ್!

ಪೈಥಾನ್ ಕೋಡಿನ ವೇಗ ಹೆಚ್ಚಿಸುವ ನಂಬಾ ಎಂಬ ಪ್ಯಾಕೇಜ್ ಇದಕ್ಕೆ ಒಳ್ಳೆಯ ಉದಾಹರಣೆ. ಅದು ಪೈಥಾನ್‌ನ ಒಳಗಿನ ಬೈಟ್‌ಕೋಡ್ (ಕೋಡಿನ ಒಳರೂಪ) ಓದಿ ಕೆಲಸ ಮಾಡುತ್ತದೆ. ಬೈಟ್‌ಕೋಡ್ ಪ್ರತಿ ಆವೃತ್ತಿಯಲ್ಲೂ ಬದಲಾಗುವುದರಿಂದ ಪ್ರತಿ ಸಲ ಆ ತಂಡ ಹೊಸದಾಗಿ ದುಡಿಯಬೇಕು. ಹಾಗಾಗಿ ಹೊಸ ಪೈಥಾನ್ ಬಂದ ದಿನವೇ ನಂಬಾ ಓಡಬೇಕು ಎಂದು ಕಾಯುವುದರಲ್ಲಿ ಅರ್ಥವಿಲ್ಲ. ಆದರೆ ನಂಬಾ ಹೆಸರೇ ಕೇಳದೆ, ಅದನ್ನು ಒಳಗೊಳಗೇ ಬಳಸುವ ಇನ್ನೊಂದು ತಂತ್ರಾಂಶ ಹಾಕಲು ಹೊರಟವರಿಗೆ ಇದೆಲ್ಲ ಹೇಗೆ ಗೊತ್ತಾಗಬೇಕು?

ಇನ್ನು ಇಆರ್‌ಪಿನೆಕ್ಸ್ಟ್ ಕಡೆ ಬರೋಣ. ಮುಂಬೈನ ಫ್ರಾಪೆ ಕಂಪನಿ ಕಟ್ಟಿದ ಈ ಓಪನ್ ಸೋರ್ಸ್ (ಮೂಲ ಕೋಡ್ ಎಲ್ಲರಿಗೂ ತೆರೆದಿಟ್ಟ) ತಂತ್ರಾಂಶ ಲೆಕ್ಕಪತ್ರ, ಸ್ಟಾಕ್, ಬಿಲ್ಲಿಂಗ್ ಎಲ್ಲವನ್ನೂ ನೋಡಿಕೊಳ್ಳುತ್ತದೆ. ಸಣ್ಣ ಉದ್ದಿಮೆಗಳಿಗೆ ಇದರ ಆಕರ್ಷಣೆ ಸಹಜ. ಲೈಸೆನ್ಸ್ ದುಡ್ಡಿಲ್ಲ, ಜಿಎಸ್‌ಟಿಗೆ ಬೇಕಾದ ವ್ಯವಸ್ಥೆಯೂ ಸಿಗುತ್ತದೆ. ಆದರೆ ಇದು ಒಂದೇ ಪ್ರೋಗ್ರಾಂ ಅಲ್ಲ. ಪೈಥಾನ್, ಜಾವಾಸ್ಕ್ರಿಪ್ಟ್ ಓಡಿಸುವ ನೋಡ್, ಡೇಟಾಬೇಸ್ ಆದ ಮರಿಯಾಡಿಬಿ, ತಾತ್ಕಾಲಿಕ ಮಾಹಿತಿ ಇಡುವ ರೆಡಿಸ್, ಇವೆಲ್ಲ ಒಂದಕ್ಕೊಂದು ಹೊಂದುವ ಆವೃತ್ತಿಗಳಲ್ಲಿ ಇರಬೇಕು. ಬಿಲ್ಲನ್ನು ಪಿಡಿಎಫ್ ಮಾಡಲು ಬಹಳ ಕಾಲದಿಂದ ಬಳಕೆಯಲ್ಲಿರುವುದು ‘ಡಬ್ಲ್ಯುಕೆ‌ಎಚ್‌ಟಿಎಂಎಲ್‌ಟುಪಿಡಿಎಫ್’ ಎಂಬ ಸಾಧನ. ನಿಜವಾದ ಮಜಾ ಇರುವುದು ಅಲ್ಲಿ.

ಈ ಸಾಧನ ನಿಂತಿರುವುದು ಕ್ಯೂಟಿ ವೆಬ್‌ಕಿಟ್ ಎಂಬ ಹಳೇ ಬ್ರೌಸರ್ ಎಂಜಿನ್ ಮೇಲೆ. ಆ್ಯಪ್ ಕಟ್ಟುವ ಚೌಕಟ್ಟಾದ ಕ್ಯೂಟಿಯವರು ಅದನ್ನು 2016ರಲ್ಲೇ ಕೈಬಿಟ್ಟರು. ಪಿಡಿಎಫ್ ಸಾಧನದ ಯೋಜನೆಯೂ 2023ರಲ್ಲಿ ಬಾಗಿಲು ಹಾಕಿತು. ಕೋಡ್ ಈಗ ಓದಲಿಕ್ಕೆ ಮಾತ್ರ ಇದೆ. ಅವರು ಕೊನೆಯದಾಗಿ ಕಟ್ಟಿಕೊಟ್ಟ ಪ್ಯಾಕೇಜ್‌ಗಳಲ್ಲಿ ಉಬುಂಟು 22.04ರದ್ದು ಇದೆ, 24.04ರದ್ದು ಇಲ್ಲ. ಇನ್ನು ಬರುವುದೂ ಇಲ್ಲ. 24.04ರ ಸ್ವಂತ ಸಂಗ್ರಹದಲ್ಲಿ ಅದೇ ಹೆಸರಿನ ಪ್ಯಾಕೇಜ್ ಸಿಗುತ್ತದೆ. ಹಾಕಿದರೆ ಒಂದು ಎರರ್ ಕೂಡ ಇಲ್ಲದೆ ಇನ್‌ಸ್ಟಾಲ್ ಆಗುತ್ತದೆ. ಆದರೆ ಅದು ಈ ಸಾಧನಕ್ಕೆಂದೇ ಮಾಡಿದ ತಿದ್ದುಪಡಿ ಇಲ್ಲದ ಕ್ಯೂಟಿಯಿಂದ ಕಟ್ಟಿದ್ದು. ಪುಟದ ತಲೆ ಮತ್ತು ಬುಡದಲ್ಲಿ ವಿವರ ಹಾಕುವ ಸೌಲಭ್ಯ ಅದರಲ್ಲಿಲ್ಲ. ಪೀಣ್ಯದಲ್ಲೋ ಹುಬ್ಬಳ್ಳಿಯಲ್ಲೋ ಒಂದು ಸಣ್ಣ ಕಾರ್ಖಾನೆಯವರು ಎಲ್ಲ ಮುಗಿಸಿ ಮೊದಲ ಬಿಲ್ ಪ್ರಿಂಟ್ ತೆಗೆದಾಗ ಲೆಟರ್‌ಹೆಡ್ ಇರುವುದಿಲ್ಲ. ಅವರು ಪ್ರಿಂಟ್ ಫಾರ್ಮ್ಯಾಟ್ ತಿದ್ದುತ್ತಾ ಕೂರುತ್ತಾರೆ. ತಪ್ಪು ಫಾರ್ಮ್ಯಾಟ್‌ನಲ್ಲಿ ಇರುವುದೇ ಇಲ್ಲ.

ಗೊತ್ತಿದ್ದವರು ಏನು ಮಾಡುತ್ತಾರೆ? 22.04ಕ್ಕೆ ಕಟ್ಟಿದ ಪ್ಯಾಕೇಜನ್ನೇ ತಂದು 24.04ರಲ್ಲಿ ಹಾಕುತ್ತಾರೆ. ಸಾಮಾನ್ಯವಾಗಿ ಕೆಲಸ ಮಾಡುತ್ತದೆ. ಆದರೆ ಇದನ್ನು ಯಾರೂ ಪರೀಕ್ಷಿಸಿ ಭರವಸೆ ಕೊಟ್ಟಿಲ್ಲ. ಇದು ಬಾಯಿಂದ ಬಾಯಿಗೆ ದಾಟಿದ ಜ್ಞಾನ. ಎರರ್ ಕೊಟ್ಟು ನಿಲ್ಲುವ ತಂತ್ರಾಂಶಕ್ಕಿಂತ, ಇನ್‌ಸ್ಟಾಲ್ ಆದಂತೆ ನಟಿಸಿ ಆಮೇಲೆ ಕೈಕೊಡುವುದು ನೂರು ಪಾಲು ಕೆಟ್ಟದ್ದು ಎಂಬ ನನ್ನ ವಾದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಹಾಗಾದರೆ ಪರೀಕ್ಷೆ ಮಾಡುವವರು ಯಾರು? ಇವತ್ತು ಬಹಳಷ್ಟು ಓಪನ್ ಸೋರ್ಸ್ ಯೋಜನೆಗಳು, ಕೋಡ್ ಇಡುವ ತಾಣವಾದ ಗಿಟ್‌ಹಬ್ ಕೊಡುವ ಉಚಿತ ಯಂತ್ರಗಳಲ್ಲಿ ತಮ್ಮ ಕೋಡನ್ನು ಪರೀಕ್ಷಿಸುತ್ತವೆ. ಯಾವ ಯಂತ್ರ ಬೇಕು ಎಂಬಲ್ಲಿ ‘ಉಬುಂಟು-ಲೇಟೆಸ್ಟ್’ ಎಂದು ಬರೆದು ಬಿಟ್ಟವರೇ ಹೆಚ್ಚು. ಆದರೆ 24.04 ಬಂದ ಮೇಲೂ ಆ ಹೆಸರಿನ ಹಿಂದೆ ಇದ್ದದ್ದು 22.04. ಅದು 24.04ಕ್ಕೆ ಬದಲಾದದ್ದು 2024ರ ಡಿಸೆಂಬರ್‌ನಿಂದ 2025ರ ಜನವರಿ ನಡುವೆ. ಅಂದರೆ ಬಿಡುಗಡೆಯಾಗಿ ಏಳೆಂಟು ತಿಂಗಳ ಮೇಲೆ. ಅಲ್ಲಿಯವರೆಗೆ ಹಸಿರು ಟಿಕ್ ಮಾರ್ಕ್ ನೋಡಿ ‘ನಮ್ಮದು ಹೊಸ ಉಬುಂಟುವಿನಲ್ಲಿ ಓಡುತ್ತದೆ’ ಅಂದುಕೊಂಡ ಯೋಜನೆಗಳು ನಿಜದಲ್ಲಿ ಹಳೆಯದರ ಮೇಲೆ ಓಡಿಸಿ ನೋಡುತ್ತಿದ್ದವು. ಆರು ತಿಂಗಳಿಗೊಮ್ಮೆ ಬರುವ ನಡುವಿನ ಆವೃತ್ತಿಗಳಂತೂ ಆ ಪಟ್ಟಿಯಲ್ಲೇ ಇರುವುದಿಲ್ಲ, ದೀರ್ಘ ಕಾಲ ಬೆಂಬಲ ಸಿಗುವ ಎಲ್‌ಟಿಎಸ್ ಮಾತ್ರ.

ಇನ್ನೊಂದು ಮಾತು. ಆ ಪರೀಕ್ಷೆಗಳು ನೋಡುವುದು ಕೋಡ್ ಸರಿಯಾಗಿ ಓಡುತ್ತದೆಯೇ ಎಂದು. ಖಾಲಿ ಕಂಪ್ಯೂಟರ್‌ನಲ್ಲಿ ಹೊಸಬರೊಬ್ಬರು ಇನ್‌ಸ್ಟಾಲ್ ಪುಟದ ಸಾಲುಗಳನ್ನು ಒಂದೊಂದಾಗಿ ಹಾಕಿದರೆ ಏನಾಗುತ್ತದೆ ಎಂದು ನೋಡುವ ಯೋಜನೆಗಳು ಕಡಿಮೆ. ಗಿಟ್‌ಹಬ್‌ನ ಯಂತ್ರ ಖಾಲಿ ಯಂತ್ರವೂ ಅಲ್ಲ. ಕಂಪೈಲರ್‌ನಿಂದ ಹಿಡಿದು ಬ್ರೌಸರ್‌ವರೆಗೆ ಎಲ್ಲ ಮೊದಲೇ ತುಂಬಿರುತ್ತದೆ. ನಿಮ್ಮ ಮನೆಯ ಕಂಪ್ಯೂಟರ್ ಹಾಗಿರುತ್ತದಾ?

ಉಬುಂಟು ತಂಡ ತನ್ನ ಸಂಗ್ರಹದಲ್ಲಿರುವುದನ್ನು ನೋಡಿಕೊಳ್ಳುತ್ತದೆ. ಹೊರಗಿನಿಂದ ತಂದು ಹಾಕಿದ್ದು ಅದರ ಹೊಣೆಯಲ್ಲ. ಹೊಸ ಆವೃತ್ತಿಗೆ ಏರಿಸುವಾಗ ಹೊರಗಿನ ರೆಪಾಸಿಟರಿಗಳನ್ನು (ಪ್ಯಾಕೇಜ್ ಸಂಗ್ರಹಗಳನ್ನು) ಅದು ಆಫ್ ಮಾಡಿಬಿಡುವುದೂ ಅದಕ್ಕೇ. ತಂತ್ರಾಂಶದವರು ‘ಲಿನಕ್ಸ್ ಬದಲಾಗಿದೆ, ನಾವೇನು ಮಾಡೋಣ’ ಎನ್ನುತ್ತಾರೆ. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು ಎಂಬಂತೆ ಇಬ್ಬರೂ ತಮ್ಮ ತಮ್ಮ ಕಡೆ ಸರಿಯಾಗಿಯೇ ಇದ್ದಾರೆ. ನಡುವೆ ಸಿಕ್ಕವರದ್ದು ಪಾಡು. 24.04ರ ವಿಷಯದಲ್ಲಿ ಉಬುಂಟುವಿಗೂ ಪರೀಕ್ಷಿಸಲು ಸಮಯ ಸಾಲಲಿಲ್ಲ ಎಂದೇ ಹೇಳಬೇಕು. 2038ರ ದುರಸ್ತಿ ನಡೆಯುತ್ತಿದ್ದ ಹೊತ್ತಿಗೇ, ಮಾರ್ಚ್ ಕೊನೆಯಲ್ಲಿ, ಫೈಲ್ ಕುಗ್ಗಿಸುವ ಎಕ್ಸ್‌ಝಡ್ ತಂತ್ರಾಂಶದಲ್ಲಿ ಯಾರೋ ಬೇಕೆಂದೇ ಸೇರಿಸಿದ್ದ ಹಿಂಬಾಗಿಲನ್ನು (ಒಳನುಗ್ಗುವ ಕಳ್ಳದಾರಿಯನ್ನು) ಡೆವಲಪರ್ ಆಂಡ್ರೆಸ್ ಫ್ರಾಯ್ಂಡ್ ಪತ್ತೆ ಮಾಡಿದರು. ಮುನ್ನೆಚ್ಚರಿಕೆಗಾಗಿ ಪ್ಯಾಕೇಜ್‌ಗಳನ್ನು ಮತ್ತೆ ಕಟ್ಟಬೇಕಾಯಿತು. ಬೀಟಾ, ಅಂದರೆ ಪರೀಕ್ಷಾ ಆವೃತ್ತಿ, ಒಂದು ವಾರ ತಡವಾಗಿ ಏಪ್ರಿಲ್ 11ಕ್ಕೆ ಬಂತು. ಅಂತಿಮ ಬಿಡುಗಡೆಯ ದಿನ ಮಾತ್ರ ಬದಲಾಗಲಿಲ್ಲ. ಹೊರಗಿನವರಿಗೆ ಬೀಟಾ ಹಾಕಿ ನೋಡಲು ಸಿಕ್ಕಿದ್ದು ಎರಡೇ ವಾರ.

ಸಣ್ಣ ಅಡ್ಡಿಗಳ ಕತೆಯೂ ಇದೆ. ಎಷ್ಟೋ ಇನ್‌ಸ್ಟಾಲ್ ಸ್ಕ್ರಿಪ್ಟ್‌ಗಳು ನಿಮ್ಮ ಆವೃತ್ತಿಯ ಅಡ್ಡಹೆಸರನ್ನು ಕೇಳಿ, ಅದೇ ಹೆಸರಿನ ರೆಪಾಸಿಟರಿ ಹುಡುಕುತ್ತವೆ. 22.04 ಅಂದರೆ ಜ್ಯಾಮಿ, 24.04 ಅಂದರೆ ನೋಬಲ್. ನೋಬಲ್‌ಗೆ ಇನ್ನೂ ರೆಪಾಸಿಟರಿ ತೆರೆದಿಲ್ಲದಿದ್ದರೆ ‘404’, ಅಂದರೆ ‘ಸಿಗಲಿಲ್ಲ’ ಎಂಬ ಎರರ್ ಬರುತ್ತದೆ. ಲಿನಕ್ಸ್ ಮಿಂಟ್ ಬಳಸುವವರ ಗೋಳು ಬೇರೆ. ಮಿಂಟ್ 22 ನಿಂತಿರುವುದು ಉಬುಂಟು 24.04ರ ಮೇಲೇ, ಆದರೆ ಹೆಸರು ಕೇಳಿದರೆ ‘ವಿಲ್ಮಾ’ ಎನ್ನುತ್ತದೆ. ಸ್ಕ್ರಿಪ್ಟ್‌ಗೆ ವಿಲ್ಮಾ ಯಾರೆಂದು ಗೊತ್ತಿಲ್ಲ. ಹೆಸರು ತಿದ್ದಿದರೆ ಎಲ್ಲ ಸರಿಹೋಗುತ್ತದೆ. ತಿದ್ದಬೇಕು ಎಂದು ಹೇಳುವವರು ಬೇಕಷ್ಟೆ.

‘ಎಲ್ಲವನ್ನೂ ಡಾಕರ್‌ನಲ್ಲಿ ಹಾಕಿ, ತಲೆನೋವೇ ಇಲ್ಲ’ ಎನ್ನುವವರೂ ಇದ್ದಾರೆ. ತಂತ್ರಾಂಶವನ್ನು ಅದಕ್ಕೆ ಬೇಕಾದ್ದೆಲ್ಲದರ ಸಮೇತ ‘ಕಂಟೇನರ್’ ಎಂಬ ಡಬ್ಬಿಯಲ್ಲಿ ಓಡಿಸುವ ಸಾಧನ ಡಾಕರ್. ಅರ್ಧ ಒಪ್ಪಬಹುದು. ಇಆರ್‌ಪಿನೆಕ್ಸ್ಟ್‌ಗೆ ಫ್ರಾಪೆಯವರದ್ದೇ ಡಾಕರ್ ವ್ಯವಸ್ಥೆ ಇದೆ, ಮತ್ತು ಮೇಲೆ ಹೇಳಿದ ಪಿಡಿಎಫ್ ತಾಪತ್ರಯದಿಂದ ಅದು ಬಚಾವ್ ಮಾಡುತ್ತದೆ. ಆದರೆ ಕಂಟೇನರ್ ಕೂಡ ನೆಲದ ಮೇಲೇ ನಿಲ್ಲಬೇಕು. ಆ್ಯಪ್‌ಇಮೇಜ್ ಅನ್ನೇ ನೋಡಿ. ಯಾವ ಲಿನಕ್ಸ್ ಆದರೂ ಸರಿ, ಒಂದು ಫೈಲ್ ಇಳಿಸಿ ಕ್ಲಿಕ್ ಮಾಡಿದರೆ ಸಾಕು ಎಂಬ ಭರವಸೆ ಅದರದ್ದು. ಉಬುಂಟು 22.04ರಲ್ಲಿ ಅದಕ್ಕೆ ಬೇಕಾದ ಹಳೆಯ ಫ್ಯೂಸ್ ಲೈಬ್ರರಿ ತಾನಾಗಿ ಬರುತ್ತಿರಲಿಲ್ಲ. ಕ್ಲಿಕ್ ಮಾಡಿದರೆ ಏನೂ ಆಗುತ್ತಿರಲಿಲ್ಲ. 24.04ರಲ್ಲಿ ಭದ್ರತೆಗಾಗಿ ಆಪ್‌ಆರ್ಮರ್ ನಿಯಮ ಬಿಗಿ ಮಾಡಿದ್ದರಿಂದ, ಆ್ಯಪ್ ಕಟ್ಟುವ ಇನ್ನೊಂದು ಚೌಕಟ್ಟಾದ ಎಲೆಕ್ಟ್ರಾನ್‌ನಲ್ಲಿ ಕಟ್ಟಿದ ಹಲವು ಆ್ಯಪ್‌ಇಮೇಜ್‌ಗಳು ಸ್ಯಾಂಡ್‌ಬಾಕ್ಸ್ ಎರರ್ ಕೊಟ್ಟು ನಿಂತವು. ಎಲ್ಲೆಡೆ ಓಡುವ ಪೊಟ್ಟಣಕ್ಕೂ ಆವೃತ್ತಿಯ ಕಾಟ ತಪ್ಪಲಿಲ್ಲ.

ಇಷ್ಟೆಲ್ಲ ಇದ್ದರೂ ಜನ ಹೊಸ ಆವೃತ್ತಿಯನ್ನೇ ಯಾಕೆ ಹಾಕುತ್ತಾರೆ? ಹೊಸದರ ಚಪಲ ಅಂತ ಬೈಯುವುದು ಸುಲಭ. ಆದರೆ ಅದು ಪೂರ್ತಿ ನಿಜವಲ್ಲ. ಹೊಸ ಲ್ಯಾಪ್‌ಟಾಪ್ ಕೊಂಡವರಿಗೆ, ಲಿನಕ್ಸ್‌ನ ತಿರುಳಾದ ಹಳೇ ಕರ್ನಲ್‌ನಲ್ಲಿ ವೈಫೈ ಕಾಣದೆ ಇರಬಹುದು. ಉಬುಂಟು ವೆಬ್‌ಸೈಟ್‌ನಲ್ಲಿ ಕಣ್ಣಿಗೆ ಬೀಳುವ ಡೌನ್‌ಲೋಡ್ ಬಟನ್ ಹೊಸದರದ್ದೇ. ಕಾಲೇಜಿನ ಗ್ರಂಥಾಲಯದಲ್ಲಿ ಹೊಸ ಕಂಪ್ಯೂಟರ್ ಬಂದಾಗ ಅದಕ್ಕೆ ಗ್ರಂಥಾಲಯ ನಿರ್ವಹಣೆಯ ತಂತ್ರಾಂಶ ಕೋಹಾ ಹಾಕುವವರು ಎಷ್ಟೋ ಕಡೆ ಗ್ರಂಥಪಾಲಕರೇ. ಅವರು ಮೊದಲು ಉಬುಂಟು ಇಳಿಸಿಕೊಳ್ಳುತ್ತಾರೆ, ಆಮೇಲೆ ಕೋಹಾ ಪುಟ ತೆರೆಯುತ್ತಾರೆ. ಕ್ರಮ ತಿರುವುಮುರುವಾಗುವುದು ಇಲ್ಲೇ.

ಕೋಹಾ ಬಗ್ಗೆ ನಾಲ್ಕು ಒಳ್ಳೆಯ ಮಾತು ಹೇಳಬೇಕು. ನ್ಯೂಜಿಲೆಂಡ್‌ನ ಹೊರೊಫೆನುವಾ ಗ್ರಂಥಾಲಯಗಳಲ್ಲಿ 2000ದ ಜನವರಿಯಲ್ಲಿ ಶುರುವಾದ ಈ ತಂತ್ರಾಂಶ ಇವತ್ತು ಕರ್ನಾಟಕದ ಹಲವು ಕಾಲೇಜು, ವಿಶ್ವವಿದ್ಯಾಲಯಗಳಲ್ಲೂ ಇದೆ. ಮೇ ಮತ್ತು ನವೆಂಬರ್‌ನಲ್ಲಿ ಹೊಸ ಆವೃತ್ತಿ ಬರುತ್ತದೆ. ಯಾವ ಕೋಹಾ ಯಾವ ಡೆಬಿಯನ್ ಮೇಲೆ, ಯಾವ ಉಬುಂಟು ಎಲ್‌ಟಿಎಸ್ ಮೇಲೆ ನಡೆಯುತ್ತದೆ ಎಂಬ ಪುಟವನ್ನು ಆ ಸಮುದಾಯ ಇಟ್ಟುಕೊಂಡಿದೆ. ಡೇಟಾಬೇಸ್ ಯಾವುದಿರಲಿ ಎಂದರೆ ಮರಿಯಾಡಿಬಿ ಎಂದು ನೇರವಾಗಿ ಹೇಳುತ್ತದೆ. ಐದು ನಿಮಿಷದ ಓದು. ಆ ಪುಟ ನೋಡಿ ಆಮೇಲೆ ಉಬುಂಟುವೋ ಡೆಬಿಯನ್ನೋ ಇಳಿಸಿಕೊಂಡವರಿಗೆ ಮುಕ್ಕಾಲು ಪಾಲು ತೊಂದರೆ ಬರುವುದೇ ಇಲ್ಲ. ಮ್ಯಾಕ್‌ನಲ್ಲಿ ತಂತ್ರಾಂಶ ಹಾಕುವ ಸಾಧನ ಹೋಂಬ್ರೂ ಕೂಡ ಹೀಗೇ ನೇರ. ಆ್ಯಪಲ್‌ನ ಬೀಟಾ ಆವೃತ್ತಿ ಹಾಕಿಕೊಂಡಿದ್ದರೆ, ಇದಕ್ಕೆ ನಮ್ಮ ಬೆಂಬಲವಿಲ್ಲ ಎಂದು ಮೊದಲೇ ಎಚ್ಚರಿಸುತ್ತದೆ.

ಎಲ್ಲ ಯೋಜನೆಗಳೂ ಹೀಗೆ ಖಡಕ್ಕಾಗಿ ಹೇಳಿದರೆ ಸಾಕಲ್ಲ? ಸಾಕಾಗುವುದಿಲ್ಲ. ಪೈಥಾನ್‌ನಲ್ಲಿ ‘3.12ಕ್ಕಿಂತ ಮೇಲೆ ಬೇಡ’ ಎಂದು ಪ್ಯಾಕೇಜ್‌ನಲ್ಲಿ ಬರೆದರೆ ಪಿಪ್ ಕೆಲವೊಮ್ಮೆ ಜಾಣತನ ತೋರಿಸುತ್ತದೆ. ಆ ಮಿತಿ ಬರೆದಿರದ ಇನ್ನೂ ಹಳೆಯ ಆವೃತ್ತಿಯನ್ನು ಹುಡುಕಿ ತಂದು ಹಾಕಲು ನೋಡುತ್ತದೆ. ಬೇಡವೆಂದು ಹಾಕಿದ ಬೇಲಿಯೇ ಇನ್ನೂ ಹಳೇ ಕೋಡಿನ ಕಡೆಗೆ ದಾರಿ ತೋರಿಸಿದಂತಾಯಿತು. ಹಾಗಾಗಿ ನನಗೆ ಸರಿ ಕಾಣುವುದು ನಡುವಿನ ದಾರಿ. ಸ್ಕ್ರಿಪ್ಟ್‌ನ ಮೊದಲ ಸಾಲಲ್ಲೇ ಆವೃತ್ತಿ ನೋಡಲಿ. ‘ನಾವು ಪರೀಕ್ಷಿಸಿದ್ದು 22.04ರ ಮೇಲೆ, ನಿಮ್ಮದು 24.04. ಮುಂದುವರಿಸಬೇಕಾ?’ ಎಂದು ಕೇಳಲಿ. ಹೌದು ಎಂದವರಿಗೆ ತಾನು ಎಲ್ಲಿಗೆ ಕಾಲಿಡುತ್ತಿದ್ದೇನೆ ಎಂದು ಗೊತ್ತಿರುತ್ತದೆ. ಸ್ಕ್ರಿಪ್ಟ್ ಬರೆಯುವವರಿಗೆ ಇದು ಹತ್ತು ಸಾಲಿನ ಕೆಲಸ.

ಇದನ್ನು ಡೆಬಿಯನ್ 12 ಮತ್ತು ಉಬುಂಟು 23.04 ಒಂದು ವಿಷಯದಲ್ಲಿ ಮಾಡಿಯೂ ತೋರಿಸಿವೆ. ಈಗ ಪಿಪ್‌ನಿಂದ ನೇರ ಸಿಸ್ಟಂ ಪೈಥಾನ್‌ಗೆ ಏನಾದರೂ ತುರುಕಲು ಹೋದರೆ ಅದು ತಡೆಯುತ್ತದೆ. ಪ್ರತ್ಯೇಕ ವರ್ಚುವಲ್ ಎನ್ವಿರಾನ್‌ಮೆಂಟ್ ಮಾಡಿಕೊಳ್ಳಿ ಎಂದು ದಾರಿಯನ್ನೂ ಹೇಳುತ್ತದೆ. ಬೇಡವೆಂದರೂ ಹಟ ಮಾಡುವವರಿಗೆ ‘ಬ್ರೇಕ್-ಸಿಸ್ಟಂ-ಪ್ಯಾಕೇಜಸ್’ ಎಂಬ ಆಯ್ಕೆ ಇಟ್ಟಿದ್ದಾರೆ. ಹೆಸರು ನೋಡಿಯಾದರೂ ಹೆದರಲಿ ಅಂತ. ಆದರೂ ಅದನ್ನು ಹಾಗೇ ಕಾಪಿ ಮಾಡಿ ಹಾಕುವವರು ಇದ್ದೇ ಇದ್ದಾರೆ, ಏನು ಮಾಡೋಕಾಗುತ್ತೆ.

ಕೆಲಸಕ್ಕೆ ಕಂಪ್ಯೂಟರ್ ಬೇಕಾದವರು ನಡುವಿನ ಆವೃತ್ತಿಗಳ ತಂಟೆಗೆ ಹೋಗದಿರುವುದು ಒಳ್ಳೆಯದು. ಅವುಗಳಿಗೆ ಬೆಂಬಲ ಇರುವುದೇ ಒಂಬತ್ತು ತಿಂಗಳು. ಹೊಸ ಪ್ರಯೋಗಗಳು ಮೊದಲು ಇಳಿಯುವುದೂ ಅಲ್ಲೇ. 2025ರ ಅಕ್ಟೋಬರ್‌ನಲ್ಲಿ ಬಂದ 25.10ರಲ್ಲಿ ಹಳೆಯ ಜಿಎನ್‌ಯು ಕಮಾಂಡ್‌ಗಳ ಜಾಗಕ್ಕೆ ರಸ್ಟ್ ಭಾಷೆಯಲ್ಲಿ ಬರೆದ ಹೊಸ ಕಮಾಂಡ್‌ಗಳು ಬಂದವು. ಅದರಲ್ಲಿ ‘ಡೇಟ್’ ಕಮಾಂಡ್‌ನ ಒಂದು ಆಯ್ಕೆ ಸರಿಯಾಗಿ ನಡೆಯದೆ, ಅಪ್‌ಡೇಟ್ ಇದೆಯೇ ಎಂದು ತಾನಾಗಿ ನೋಡುವ ವ್ಯವಸ್ಥೆಯೇ ನಿಂತುಹೋಗಿತ್ತು. ಬೇಗ ಸರಿಪಡಿಸಿದರು, ನಿಜ. ಆದರೆ ತಿಂಗಳ ಕೊನೆಯಲ್ಲಿ ಬಿಲ್ ಹಾಕುವ ಯಂತ್ರದ ಮೇಲೆ ಇಂಥ ಪ್ರಯೋಗ ಬೇಕಾ?

ಎಲ್‌ಟಿಎಸ್ ಬಳಸುವವರಿಗೂ ಅವಸರವಿಲ್ಲ. 22.04ಕ್ಕೆ 2027ರವರೆಗೆ, 24.04ಕ್ಕೆ 2029ರವರೆಗೆ ಉಚಿತ ಭದ್ರತಾ ಅಪ್‌ಡೇಟ್ ಸಿಗುತ್ತದೆ. ಹೊಸ ಎಲ್‌ಟಿಎಸ್ ಬಂದ ದಿನವೇ ಹಳೇ ಎಲ್‌ಟಿಎಸ್‌ನವರಿಗೆ ಉಬುಂಟು ‘ಅಪ್‌ಗ್ರೇಡ್ ಮಾಡಿ’ ಎನ್ನುವುದೂ ಇಲ್ಲ. ಮೊದಲ ಸುತ್ತಿನ ತೊಂದರೆಗಳನ್ನು ಸರಿಪಡಿಸಿದ ‘.1’ ಬರುವವರೆಗೆ ಕಾಯುತ್ತದೆ. 24.04.1 ಬರಬೇಕಿದ್ದದ್ದು 2024ರ ಆಗಸ್ಟ್ 15ಕ್ಕೆ. ಅಪ್‌ಗ್ರೇಡ್‌ನಲ್ಲೇ ದೋಷ ಕಂಡಿದ್ದರಿಂದ ಅದನ್ನು ಆಗಸ್ಟ್ 29ಕ್ಕೆ ಮುಂದೂಡಿದರು.